ಹತ್ತು ಮಂದಿಯ ಮನೆಯಾಗ ಹೀರೋ ಯಾರು?

"ನಮ್ಮ ಹೀರೋಗ ಬರೇ ಎರಡ ಸೀನ್ ಯಾಕ?"

ಕಟಕೋಳದ ಬಸ್‌ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸಿಗೆ ಕಾಯುವ ಹುಡುಗರಿರಲಿ, ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ನಿಂತವರಿರಲಿ, ಅಭಿಮಾನಿಯ ದೂರು ಒಂದೇ! ಒಬ್ಬರಿಗೆ ಹೆಚ್ಚಾಯಿತು, ಇನ್ನೊಬ್ಬರಿಗೆ ಕಮ್ಮಿಯಾಯಿತು. ಟಾಕೀಸಿನ ಈ ಜಗಳ ಈಗ ಟಿ.ವಿ. ಇಟ್ಟ ಪಡಸಾಲೆಗೂ ಬಂದು ಕೂತಿದೆ.

2024ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಲಕ್ಷ್ಮೀ ನಿವಾಸ'ವನ್ನೇ ನೋಡಿ. ಶ್ರೀನಿವಾಸ-ಲಕ್ಷ್ಮೀ ಎಂಬ ಮಧ್ಯಮ ವರ್ಗದ ದಂಪತಿ, ಮನೆ ತುಂಬ ಮಕ್ಕಳು, ಸೊಸೆಯಂದಿರು, ಅಳಿಯಂದಿರು. ಸ್ವಂತದ್ದೊಂದು ಮನೆ ಕಟ್ಟಬೇಕೆಂಬುದು ಹಿರಿಯರ ಕನಸು. ಆದರೆ ಜನರ ಬಾಯಲ್ಲಿ ಹೆಚ್ಚು ಓಡಾಡಿದ್ದು ಯಾರು? ಹೆಂಡತಿ ಜಾಹ್ನವಿಯನ್ನು 'ಚಿನ್ನುಮರಿ' ಎನ್ನುತ್ತಲೇ ಬೆವರಿಳಿಸುವ ಜಯಂತ! ಒಬ್ಬರಿಗೆ ಅವನಿಲ್ಲದ ದಿನ ಊಟ ರುಚಿಸದು. ಇನ್ನೊಬ್ಬರು ಕೇಳುತ್ತಾರೆ, "ಮನೀ ಕಟ್ಟೋ ಕಥೀ ಎಲ್ಲಿ ಹೋತು?" ಇಬ್ಬರೂ ಅದೇ ಧಾರಾವಾಹಿಯ ಅಭಿಮಾನಿಗಳೇ. ಬರೆಯುವವನು ಯಾರ ಮಾತು ಕೇಳಬೇಕು?

ಗೆಳೆಯರೇ, ಗಡಿಯಾರ ಹಿಡಿದು ಪಾತ್ರ ಅಳೆಯುವ ಚಟ ನಮಗೆ ಸಿನಿಮಾದಿಂದಲೇ ಅಂಟಿದ್ದು. 1973ರಲ್ಲಿ ಬಂದ 'ಗಂಧದ ಗುಡಿ' ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್, ಒಂದೇ ತೆರೆಯ ಮೇಲೆ ಇಬ್ಬರು ದಿಗ್ಗಜರು. ಚಿತ್ರ ಗೆದ್ದಿತು. ಆದರೆ ಅಭಿಮಾನಿಗಳ ನಡುವೆ ಹುಟ್ಟಿದ ಮುನಿಸು ಎಂಥದ್ದೆಂದರೆ, ಆ ಜೋಡಿ ಮತ್ತೊಂದು ಚಿತ್ರದಲ್ಲಿ ಒಂದಾಗಲೇ ಇಲ್ಲ. ನಷ್ಟ ಯಾರಿಗೆ? ರಾಜಣ್ಣನಿಗೂ ಅಲ್ಲ, ವಿಷ್ಣುವಿಗೂ ಅಲ್ಲ... ಟಿಕೆಟ್ ಕೊಳ್ಳುವ ನಮಗೇ!

ಹಾಗಾದರೆ ಪಾತ್ರದ ತೂಕಕ್ಕೆ ತಕ್ಕಡಿ ಯಾವುದು? ಅದನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಬೈಲಹೊಂಗಲಕ್ಕೆ ಬಂದರೆ ಸಾಕು. ಅಲ್ಲಿ ನಡೆದದ್ದೆಂದು ಹೇಳುವ ಘಟನೆಯಿಂದ ಹುಟ್ಟಿದ ಸಣ್ಣಾಟ 'ಸಂಗ್ಯಾ ಬಾಳ್ಯಾ'. ಹೆಸರಿನಲ್ಲಿ ಇಬ್ಬರು ಗೆಳೆಯರಿದ್ದಾರೆ, ನಿಜ. ಆದರೆ ಗಂಗಾ ಇಲ್ಲದೆ ಕಥೆಯೇ ಇಲ್ಲ. ಅವಳ ಗಂಡ ಈರ್ಯಾನ ಸಿಟ್ಟಿಲ್ಲದೆ ಕೊಲೆಯಿಲ್ಲ. ನಡುವೆ ಸುದ್ದಿ ಸಾಗಿಸುವ ಮುದುಕಿ ಪಾರಮ್ಮ ಎಷ್ಟು ಹೊತ್ತು ನಿಲ್ಲುತ್ತಾಳೆ? ಸ್ವಲ್ಪವೇ ಹೊತ್ತು. ಅವಳನ್ನು ತೆಗೆದುಹಾಕಿ ನೋಡಿ, ಆಟ ಅಲ್ಲೇ ಕುಂಟುತ್ತದೆ! ಇದೇ ತಕ್ಕಡಿ. ಪಾತ್ರ ಎಷ್ಟು ಹೊತ್ತು ನಿಂತಿತು ಅನ್ನೋದಲ್ಲ, ಅದು ಹೋದರೆ ಕಥೆ ನಿಲ್ಲುತ್ತದೋ ಬೀಳುತ್ತದೋ ಅನ್ನೋದು.

ಟಿ.ವಿ.ಯಲ್ಲಿ ಈ ಗುಟ್ಟು ಬಲ್ಲವರು ಟಿ.ಎನ್. ಸೀತಾರಾಮ್. 1998ರಲ್ಲಿ ದೂರದರ್ಶನದ ಚಂದನದಲ್ಲಿ ಬಂದ 'ಮಾಯಾಮೃಗ'ಕ್ಕೆ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೂ ಜತೆಗಾರರು. ದತ್ತಣ್ಣ, ಅವಿನಾಶ್, ಮಾಳವಿಕಾ, ಎಂ.ಡಿ. ಪಲ್ಲವಿ... ಹೀರೋ ಯಾರೆಂದು ಕೇಳಿದರೆ ಮನೆಗೊಂದು ಉತ್ತರ! 2022ರಲ್ಲಿ 'ಮತ್ತೆ ಮಾಯಾಮೃಗ' ಎಂದು ಅದೇ ಕಥೆಯನ್ನು ಮುಂದುವರಿಸಿದರೆಂದರೆ, ಆ ಪಾತ್ರಗಳು ಜನರ ಮನಸ್ಸಿನಲ್ಲಿ ಉಳಿದಿದ್ದವು ಎಂದೇ ಅರ್ಥ. ಅವರ ಧಾರಾವಾಹಿಗಳಲ್ಲಿ ಕೋರ್ಟು ಯಾಕೆ ಬರುತ್ತದೆ, ಯೋಚಿಸಿದ್ದೀರಾ? ಕಟಕಟೆ ಹತ್ತಿದವನು ಯಾರೇ ಇರಲಿ, ಆಳೋ ಅರಸೋ, ಆ ಹೊತ್ತು ಎಲ್ಲರ ಕಣ್ಣು ಅವನ ಮೇಲೆ. ಸಣ್ಣ ಪಾತ್ರಕ್ಕೂ ತನ್ನ ಮಾತು ಹೇಳಲು ಸರದಿ ಸಿಗುತ್ತದೆ. ಹೊಡೆದಾಟವಿಲ್ಲ, ಹಾಡಿಲ್ಲ, ಆದರೂ ಶಿಳ್ಳೆ!

ನಮ್ಮ ಕಡೆಯ ಭಾಷೆ, ನಮ್ಮ ಕಡೆಯ ಕೂಡುಕುಟುಂಬವನ್ನು ಈಟಿವಿಗೆ ತಂದ 'ಮೂಡಲ ಮನೆ'ಯೂ ಹಾಗೆಯೇ. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ಆ ಮನೆಯಲ್ಲಿ ಸವದತ್ತಿ ಸೀಮೆಯ ರಂಗಭೂಮಿ ಮನೆತನದ ಕುಡಿ, ಏಣಗಿ ಬಾಳಪ್ಪನವರ ಮಗ ನಟರಾಜ ಏಣಗಿ ಇದ್ದರು. ಇಂಥ ನಟರಿಗೆ ನಿಂತು ಮಾತಾಡುವಷ್ಟು ಜಾಗ ಸಿಕ್ಕಿದ್ದು ಹತ್ತು ಮಂದಿಯ ಕಥೆ ಇದ್ದದ್ದರಿಂದಲೇ.

ಈಗ ಅಸಲಿ ವಿಷಯಕ್ಕೆ ಬರೋಣ. ಧಾರಾವಾಹಿಗೆ ವಾರಕ್ಕೊಮ್ಮೆ ಟಿ.ಆರ್.ಪಿ. ಎಂಬ ಪರೀಕ್ಷೆ. ಅಂಕ ಇಳಿಯಿತೋ, ಜನ ಬೈದರೋ, ಕಥೆಯ ಚಕ್ರ ಥಟ್ಟನೆ ತಿರುಗುತ್ತದೆ. ನಾಯಕ-ನಾಯಕಿಯ ದೃಶ್ಯಗಳು ಉಬ್ಬುತ್ತವೆ. ಚಿಕ್ಕಪ್ಪ ಪರವೂರಿಗೆ ಹೋಗುತ್ತಾನೆ, ಅತ್ತಿಗೆ ಅಡುಗೆಮನೆ ಸೇರುತ್ತಾಳೆ. ನಮಗದು ಬರೀ ಕಥೆ. ಆದರೆ ಆ ಚಿಕ್ಕಪ್ಪನ ಪಾತ್ರಧಾರಿಗೆ? ಪೋಷಕ ನಟರಲ್ಲಿ ಬಹುಮಂದಿಗೆ ಸಂಬಳ ದಿನದ ಲೆಕ್ಕ. ತಿಂಗಳಿಗೆ ಹದಿನೈದು ದಿನ ಇದ್ದ ಕೆಲಸ ಮೂರು ದಿನಕ್ಕಿಳಿದರೆ ಮನೆ ಬಾಡಿಗೆ ಯಾರು ಕಟ್ಟಬೇಕು? "ಅವನ್ನ ತಗೀರಿ ಅತ್ಲಾಗ" ಅನ್ನೋ ನಮ್ಮ ಒಂದು ಮಾತು ಒಬ್ಬರ ಒಲೆಯ ತನಕ ಹೋಗಿ ಮುಟ್ಟುತ್ತದೆ.

ಹಾಗಂತ ಅಭಿಮಾನಿ ಬಾಯಿ ಮುಚ್ಚಿಕೊಂಡಿರಬೇಕೇ? ಖಂಡಿತಾ ಬೇಡ! 'ಮುಕ್ತ ಮುಕ್ತ' ಓಡುತ್ತಿದ್ದ ಕಾಲದಲ್ಲಿ ಸೀತಾರಾಮ್ ಊರೂರಿಗೆ ಹೋಗಿ ಸಂವಾದ ನಡೆಸಿದರು. ಪ್ರೇಕ್ಷಕರ ಎದುರು ಕೂತು ಪ್ರಶ್ನೆ ಕೇಳಿಸಿಕೊಂಡರು, ಉತ್ತರ ಕೊಟ್ಟರು. ಕೇಳಿಸಿಕೊಳ್ಳುವುದು ಬೇರೆ, ಹೆದರುವುದು ಬೇರೆ. ಕೇಳಿಸಿಕೊಂಡವನ ಕಥೆ ಗಟ್ಟಿಯಾಗುತ್ತದೆ, ಹೆದರಿದವನ ಕಥೆ ದಿಕ್ಕು ತಪ್ಪುತ್ತದೆ.

ಆದ್ದರಿಂದ ಹುಡುಗರಾ, ದೂರು ಹೇಳಿ, ಜಗಳವನ್ನೂ ಆಡಿ. ಆದರೆ ಪ್ರಶ್ನೆ ಸ್ವಲ್ಪ ಬದಲಾಗಲಿ. "ನಮ್ಮವನಿಗೆ ಎಷ್ಟ ಸೀನ್?" ಎಂದು ಕೇಳುವ ಬದಲು "ನಮ್ಮವನಿಗೆ ಈ ಕಥೀಯೊಳಗ ಏನ್ ಕೆಲಸ ಕೊಟ್ಟೀರಿ?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ನಿರ್ದೇಶಕನ ಮನೆಯಲ್ಲಿ ಹತ್ತು ಮಂದಿ ಇದ್ದರೂ ಅಷ್ಟೇ, ಇಪ್ಪತ್ತು ಮಂದಿ ಇದ್ದರೂ ಅಷ್ಟೇ... ಯಾರೂ ಹಸಿದು ಏಳೋದಿಲ್ಲ!