ಮೊಳಕೆ ರಾಗಿಯ ಗಂಜಿಗೆ ಬಿಸಿಯ ಹದ

ಹೈದರಾಬಾದಿನಲ್ಲಿ ರಾಗಿ ಜಾವವೆಂದು ಮಾರುವ ಪಾನೀಯವು ಕನ್ನಡಿಗರಿಗೆ ಹೊಸತಲ್ಲ. ನಮ್ಮ ಅಂಬಲಿಯ ಒಡಹುಟ್ಟು. ಕೋಣೆಯಲ್ಲಿಯೇ ಅಡಿಗೆ ಮಾಡಿಕೊಳ್ಳುವ ನಮ್ಮವರು ಅನೇಕರು ರಾಗಿಯನ್ನು ನೆನೆಸಿ, ಮೊಳೆಯಿಸಿ, ಒಣಗಿಸಿ, ಹಿಟ್ಟು ಮಾಡಿಟ್ಟುಕೊಳ್ಳುವುದುಂಟು. ಆದರೆ ಆ ಹಿಟ್ಟನ್ನು ಕುದಿಯುವ ನೀರಿಗೆ ಸುರಿದೊಡನೆ ಮೂರು ದಿನಗಳ ಶ್ರಮವು ಬಹುಪಾಲು ವ್ಯರ್ಥವಾಗುತ್ತದೆ.

ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವ ಅಮೈಲೇಸ್ ಎಂಬ ಕಿಣ್ವಗಳಿರುತ್ತವೆ. 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅವು ಚುರುಕಾಗಿ ದುಡಿಯುತ್ತವೆ, ಕುದಿತದಲ್ಲಿ ನಾಶವಾಗುತ್ತವೆ. ಮೊಳಕೆಯನ್ನು ಕೆಂಪಗೆ ಹುರಿದರೂ ಅದೇ ಗತಿ. ಬೀರು ತಯಾರಿಸುವವರು ಬಾರ್ಲಿಯ ಮಾಲ್ಟನ್ನು ಸುಮಾರು ಒಂದು ಗಂಟೆ ಇದೇ ಹದದ ನೀರಿನಲ್ಲಿರಿಸುವುದು ಈ ಕಾರಣಕ್ಕಾಗಿಯೇ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರಾಗಿಯ ಮಾಲ್ಟನ್ನು ಶಿಶುಗಳ ಆಹಾರಕ್ಕಾಗಿ ಅಭ್ಯಸಿಸಿದ್ದಾರೆ.

ಉಷ್ಣಮಾಪಕವಿಲ್ಲದವರಿಗೆ ಸುಲಭವಾದ ಉಪಾಯವಿದೆ. ಐದು ಲೋಟ ಗಂಜಿಗೆ ಬೇಕಾಗುವ ಸಾಧಾರಣ ರಾಗಿಹಿಟ್ಟನ್ನು ಮೂರು ಲೋಟ ನೀರಿನಲ್ಲಿಯೇ ಗಟ್ಟಿಯಾಗಿ ಬೇಯಿಸಿ ಇಳಿಸಿರಿ. ಕುದಿಸಿ ಆರಿಸಿದ ಎರಡು ಲೋಟ ನೀರನ್ನು ಬೆರೆಸಿರಿ. ಬಿಸಿಯು 70ರ ಆಸುಪಾಸಿಗೆ ಇಳಿಯುವುದು. ಆಗ ಎರಡು ಚಮಚ ಮೊಳಕೆಹಿಟ್ಟನ್ನು ಕದಡಿ, ಕಾಲು ಗಂಟೆ ಮುಚ್ಚಿಡಿರಿ. ಗಂಜಿ ತೆಳುವಾಗಿ, ನವುರಾಗಿ ಸಿಹಿಯಾಗುವುದು. ಬಳಿಕ ಒಮ್ಮೆ ಕುದಿಸಿಯೇ ಕುಡಿಯತಕ್ಕದ್ದು, ಮೊಳಕೆಹಿಟ್ಟು ಹಸಿಯದು.

ನೀರು ಹೆಚ್ಚಿಸಿ ತೆಳುಗೊಳಿಸಿದ ಗಂಜಿಯು ಹೊಟ್ಟೆಯನ್ನು ತುಂಬೀತು, ಹಸಿವನ್ನು ತೀರಿಸದು. ಈ ಗಂಜಿಯಲ್ಲಾದರೋ ಹಿಟ್ಟು ಕಡಿಮೆಯಾಗುವುದಿಲ್ಲ. ನಾಲ್ಕು ಗುಟುಕಿಗಿಂತ ಹೆಚ್ಚು ಕುಡಿಯಲಾರದ ಮಗುವಿಗೂ ರೋಗಿಗೂ ಈ ಭೇದವೇ ಮುಖ್ಯವೆಂದು ನಾವು ಭಾವಿಸುತ್ತೇವೆ.