ಕೊಲೆಸ್ಟ್ರಾಲ್ ಮೇಲಿನ ಆರೋಪ ಸುಳ್ಳೇ?

ಪ್ರಶ್ನೆ: ಕೊಲೆಸ್ಟ್ರಾಲಿಗೂ ಹೃದಯಾಘಾತಕ್ಕೂ ಸಂಬಂಧವಿಲ್ಲ, ಸ್ಟ್ಯಾಟಿನ್ ಮಾತ್ರೆ ಬರೀ ವ್ಯಾಪಾರ ಎನ್ನುತ್ತಾರೆ. ನಿಜವೇ?

ಉತ್ತರ: ಸಂಬಂಧ ಖಂಡಿತ ಇದೆ, ಮುಖ್ಯವಾಗಿ ಎಲ್‌ಡಿಎಲ್ ಕೊಲೆಸ್ಟ್ರಾಲಿಗೆ. ಹುಟ್ಟಿನಿಂದಲೇ ಅದು ವಿಪರೀತವಾಗಿರುವ ಆನುವಂಶಿಕ ಕಾಯಿಲೆಯ ತೀವ್ರ ರೂಪದಲ್ಲಿ ಮಕ್ಕಳಿಗೂ ಹೃದಯಾಘಾತವಾಗಬಹುದು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ 4,444 ಹೃದ್ರೋಗಿಗಳಿದ್ದರು. ಸುಮಾರು ಐದೂವರೆ ವರ್ಷಗಳಲ್ಲಿ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿ ತೀರಿಕೊಂಡರು. ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಮಾತ್ರೆ ಪಡೆದವರಲ್ಲಿ 8 ಮಂದಿ.

ಆದರೆ ಹೃದ್ರೋಗವಿಲ್ಲದ, ಅಪಾಯವೂ ಕಡಿಮೆಯಿರುವವರಿಗೆ ಲಾಭ ಅಲ್ಪ. ಕೆಲವರಿಗೆ ಸ್ನಾಯುನೋವು ಬರುತ್ತದೆ, ಮಧುಮೇಹದ ಸಾಧ್ಯತೆ ತುಸು ಹೆಚ್ಚುತ್ತದೆ. ಆದ್ದರಿಂದ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಎಲ್ಲವನ್ನೂ ತೂಗಿ ನಿರ್ಧರಿಸಬೇಕು. ಈಗಾಗಲೇ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ.