ಮರಿಯ ಮೂತಿ ಉಜ್ಜಬೇಡಿ

ನಮ್ಮ ಬಡಾವಣೆಯಲ್ಲಿ ಯಾರ ಮನೆಗೆ ನಾಯಿಮರಿ ಬಂದರೂ ವಾರದೊಳಗೆ ನನಗೊಂದು ಫೋನು ಬರುತ್ತದೆ. "ಮೇಡಂ, ಇದು ಬೇಕಂತಲೇ ಮಾಡುತ್ತೆ. ಹೊರಗೆ ಎಷ್ಟು ಹೊತ್ತು ನಿಲ್ಲಿಸಿದ್ರೂ ಸುಮ್ನಿರುತ್ತೆ, ಒಳಗೆ ಬಂದ ತಕ್ಷಣ ಕಾಲೊರಸಿನ ಮೇಲೇ ಉಚ್ಚೆ ಹೊಯ್ಯುತ್ತೆ." ತಾಯಿ ಕಳೆದುಕೊಂಡ ಬೀದಿ ಮರಿಗಳನ್ನು ತಂದು, ಲಸಿಕೆ ಹಾಕಿಸಿ, ಒಳ್ಳೆಯ ಮನೆ ಸಿಗುವ ತನಕ ಸಾಕುವುದು ಮೈಸೂರಿಗೆ ಬಂದಾಗಿನಿಂದ ನಾನು ಮಾಡಿಕೊಂಡು ಬಂದ ಕೆಲಸ. ಹಾಗಾಗಿ ಈ ದೂರು ನನಗೆ ಬಾಯಿಪಾಠ. ಅದರ ಬೆನ್ನಿಗೇ ಬರುವ ಮಾತೂ ಗೊತ್ತು: "ಮೂತಿ ಹಿಡಿದು ಅದರಲ್ಲೇ ಉಜ್ಜಿದ್ವಿ, ಎರಡೇಟೂ ಕೊಟ್ವಿ, ಬುದ್ಧಿ ಬಂದಿಲ್ಲ." ಇದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಎರಡು ತಿಂಗಳ ಮರಿಗೆ ಅದು ಶಿಕ್ಷೆ ಎಂದೂ ತಿಳಿಯುವುದಿಲ್ಲ, ಯಾತಕ್ಕೆ ಎಂದಂತೂ ತಿಳಿಯುವುದೇ ಇಲ್ಲ.

ನಾಯಿಗೆ ಶುಚಿ ನಾವು ಕಲಿಸಿದ್ದಲ್ಲ. ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ಹೊಟ್ಟೆಯ ಕೆಳಭಾಗವನ್ನು ನೆಕ್ಕಿ ಹೊಯ್ಯಿಸಬೇಕು, ನೆಕ್ಕಿಯೇ ಶುಚಿ ಮಾಡಬೇಕು. ಕಣ್ಣು ಬಿಡದ ತಬ್ಬಲಿ ಮರಿಗಳು ಬಂದಾಗ ತಾಯಿಯ ನಾಲಗೆಯ ಕೆಲಸ ನನ್ನದು. ಹಾಲು ಕುಡಿಸಿದ ಮೇಲೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಸವರುತ್ತೇನೆ. ಸವರಿದ ಕೆಲವೇ ಕ್ಷಣಕ್ಕೆ ಹತ್ತಿ ಬೆಚ್ಚಗೆ ಒದ್ದೆಯಾಗುತ್ತದೆ, ಬಿಗಿದುಕೊಂಡಿದ್ದ ಪುಟ್ಟ ಹೊಟ್ಟೆ ಸಡಿಲವಾಗುತ್ತದೆ. ಮೂರು ವಾರ ದಾಟುತ್ತಿದ್ದಂತೆ ಅದೇ ಮರಿ ತೊಡರುಗಾಲು ಹಾಕುತ್ತ ಗೋಣಿಚೀಲದ ಹಾಸಿಗೆಯಿಂದ ಇಳಿದು, ದೂರ ಹೋಗಿ ಮಾಡಿ ಬರುತ್ತದೆ. ಮಲಗುವ ಜಾಗ ಕೊಳೆಯಾಗಬಾರದು ಎಂಬುದು ಅದರ ಹುಟ್ಟುಗುಣ. ನಾವು ಮಾಡಬೇಕಾದದ್ದು ಇಷ್ಟೇ, ಆ ಹಾಸಿಗೆಯ ಮೇರೆಯನ್ನು ಇಡೀ ಮನೆಯವರೆಗೆ ಹಿಗ್ಗಿಸುವುದು.

ಎಂಟು ಒಂಬತ್ತು ವಾರದ ಹೊತ್ತಿಗೆ ಯಾವ ನೆಲದ ಮೇಲೆ ಮಾಡಬೇಕೆಂಬ ರೂಢಿ ಕಾಲಿಗೆ ಅಂಟುತ್ತದೆ. ಮಣ್ಣಿನಲ್ಲಿ ಬೆಳೆದದ್ದು ಮಣ್ಣು ಹುಡುಕುತ್ತದೆ, ಸಿಮೆಂಟಿನ ಮೇಲೆ ಬೆಳೆದದ್ದಕ್ಕೆ ನಿಮ್ಮ ಟೈಲ್ಸ್ ನೆಲವೂ ಅಂಥದ್ದೇ. ಇಕ್ಕಟ್ಟಾದ ಪಂಜರದಲ್ಲಿ ತನ್ನ ಹೊಲಸಿನ ಮೇಲೇ ಮಲಗಬೇಕಾಗಿ ಬಂದ ಮರಿಯಲ್ಲಿ ಆ ಹುಟ್ಟುಗುಣವೇ ಮಂಕಾಗಿರುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ಕೇಂದ್ರ ನಿಯಮ ಹೇಳುತ್ತದೆ. ತಾಯಿಯ ಬಳಿ ಅಷ್ಟು ದಿನ ಇದ್ದು ಬಂದ ಮರಿಗೂ ಇಲ್ಲದೆ ಬಂದದ್ದಕ್ಕೂ ಇರುವ ವ್ಯತ್ಯಾಸ ಮೊದಲ ವಾರದಲ್ಲೇ ಕಾಣುತ್ತದೆ.

ಇನ್ನು ಮೂತ್ರಕೋಶದ ಮಾತು. ಎರಡು ತಿಂಗಳ ಮರಿ ಎಚ್ಚರವಾಗಿದ್ದಾಗ ಎರಡು ಗಂಟೆ ತಡೆದರೆ ಅದೇ ಹೆಚ್ಚು. ಆಟಕ್ಕೆ ಬಿದ್ದರೆ ಅರ್ಧ ಗಂಟೆಯೂ ತಡೆಯದು. ವಯಸ್ಸು ಎಷ್ಟು ತಿಂಗಳೋ ಸುಮಾರು ಅಷ್ಟು ಗಂಟೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಆದರೆ ಗಡಿಯಾರಕ್ಕಿಂತ ಮುಖ್ಯವಾದ ಮೂರು ಹೊತ್ತುಗಳಿವೆ: ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಟ ಮುಗಿದ ಮೇಲೆ. ಹೊಟ್ಟೆಗೆ ಅನ್ನ ಬಿದ್ದದ್ದೇ ದೊಡ್ಡ ಕರುಳು ಕೆಲಸ ಶುರು ಮಾಡುತ್ತದೆ, ಅದು ದೇಹದ ಕಟ್ಟಳೆ. ಕಾಲು ಗಂಟೆ, ಅರ್ಧ ಗಂಟೆಯೊಳಗೆ ಮರಿ ಹಿತ್ತಲಲ್ಲಿರಬೇಕು. ಆದ್ದರಿಂದಲೇ ಊಟವೂ ಹೊತ್ತುಹೊತ್ತಿಗೇ ಆಗಬೇಕು. ಇಡೀ ದಿನ ತಟ್ಟೆಯಲ್ಲಿ ಮೊಸರನ್ನ ಇಟ್ಟರೆ ಇಡೀ ದಿನ ನೆಲ ಒರೆಸಬೇಕಾಗುತ್ತದೆ.

ಮರಿಗೆ ಯಾವ ಗಳಿಗೆಯಲ್ಲಿ ಹೊರಗೆ ಹೋಗಬೇಕಾಗಿದೆ ಎಂಬುದನ್ನು ನನ್ನ ಅತ್ತೆಯಷ್ಟು ಚೆನ್ನಾಗಿ ಬಲ್ಲವರನ್ನು ನಾನು ನೋಡಿಲ್ಲ. ಮಡಿ ಹೆಂಗಸು, ಎಂಬತ್ತು ದಾಟಿದವರು. ಮೊದಲ ಮರಿ ಬಂದಾಗ ಬಡಗಿಯನ್ನು ಕರೆಸಿ ದೇವರಮನೆ, ಅಡುಗೆಮನೆ ಎರಡಕ್ಕೂ ಮೊಣಕಾಲೆತ್ತರದ ಹಲಗೆ ಹಾಕಿಸಿದರು. ಆ ಹಲಗೆಗಳಿಂದ ನನಗೂ ಅನುಕೂಲವಾಯಿತು, ಮರಿ ಓಡಾಡುವುದು ನಡುಮನೆಯಲ್ಲಿ ಮಾತ್ರ, ಸದಾ ಯಾರಾದರೊಬ್ಬರ ಕಣ್ಣೆದುರು. ಹೂ ಕಟ್ಟುತ್ತ ಗೋಡೆಗೊರಗಿ ಕೂತ ಅತ್ತೆಗೆ ಮರಿಯ ಪ್ರತಿ ಚಲನೆಯೂ ಗೊತ್ತು. ಆಡುತ್ತಿದ್ದದ್ದು ಥಟ್ಟನೆ ನಿಲ್ಲಿಸುತ್ತದೆ. ಮೂಗು ನೆಲಕ್ಕೆ ಹಚ್ಚಿ ಒಂದೇ ಕಡೆ ಸುತ್ತು ಹಾಕುತ್ತದೆ. ಬೆನ್ನು ಸ್ವಲ್ಪ ಗೂನಾಗುತ್ತದೆ. "ಲೇ, ಕರಿಯ ಮೂಲೆ ಮೂಸ್ತಿದಾನೆ, ಬೇಗ ಎತ್ಕೊಂಡ್ ಹೋಗೇ!" ಎಂದು ಅವರು ಕೂಗುವುದಕ್ಕೂ ನಾನು ಕೈಯ ಸೌಟು ಬಿಟ್ಟು ಓಡುವುದಕ್ಕೂ ಸರಿಯಾಗುತ್ತದೆ. ಮನೆಯಲ್ಲಿ ಇಂಥ ಒಬ್ಬ ಹಿರಿಯರಿದ್ದರೆ ಮರಿಯ ಪುಣ್ಯ.

ಹೊರಗೆ ಹೊಯ್ಯದ ಮರಿ ಒಳಗೆ ಬಂದೊಡನೆ ಏಕೆ ಹೊಯ್ಯುತ್ತದೆ? ಹೊರಗೆ ಆಟೋ, ಹಾರ್ನು, ಪಕ್ಕದ ಮನೆಯ ಕೋಳಿ, ನೂರು ವಾಸನೆ. ಅದಕ್ಕೆ ಬಂದ ಕೆಲಸವೇ ಮರೆತುಹೋಗುತ್ತದೆ, ಇಲ್ಲವೇ ಹೆದರಿ ಮೈ ಬಿಗಿಹಿಡಿಯುತ್ತದೆ. ಒಳಗೆ ಬಂದು ಜೀವ ಹಗುರಾದಾಗ ಮೂತ್ರಕೋಶವೂ ಸಡಿಲವಾಗುತ್ತದೆ. ಹಟವೂ ಅಲ್ಲ, ಸೇಡೂ ಅಲ್ಲ. ಪ್ರತಿಸಲ ಅದೇ ಜಾಗಕ್ಕೆ ಕರೆದೊಯ್ದು ಮಾತಾಡದೆ, ಆಡಿಸದೆ, ಫೋನು ನೋಡದೆ ನಿಲ್ಲಿ. ಆಗದಿದ್ದರೆ ವಾಪಸು ಕರೆತಂದು ತೊಡೆಯ ಮೇಲಿಟ್ಟುಕೊಳ್ಳಿ, ಹತ್ತು ನಿಮಿಷಕ್ಕೆ ಮತ್ತೆ ಹೋಗಿ. ಆಯಿತೋ, ಮುಗಿಸಿದ ಕ್ಷಣದಲ್ಲೇ, ಅಲ್ಲೇ, ಬಾಯ್ತುಂಬ ಹೊಗಳಿ ಒಂದು ಚೂರು ಬೇಯಿಸಿದ ಮೊಟ್ಟೆಯನ್ನೋ ಕೋಳಿಯನ್ನೋ ಕೊಡಿ. ನಮ್ಮ ಮನೆಯಲ್ಲಿ ಅದರ ಬದಲು ಪನೀರ್ ಚೂರು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದು ಮರಿ ತಿಳಿಯುತ್ತದೆ.

"ತಪ್ಪು ಮಾಡಿದ್ದು ಅದಕ್ಕೇ ಗೊತ್ತು ಮೇಡಂ, ಮುಖ ನೋಡಿದ್ರೆ ತಿಳಿಯುತ್ತೆ" ಎನ್ನುವವರಿದ್ದಾರೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿನ್ನಬಾರದೆಂದು ಹೇಳಿದ ತಿಂಡಿಯೊಡನೆ 14 ನಾಯಿಗಳನ್ನು ಬಿಟ್ಟು ಯಜಮಾನರು ಹೊರಹೋಗಬೇಕು; ಮರಳಿದಾಗ ನಾಯಿ ತಿಂದಿದೆಯೋ ಇಲ್ಲವೋ ಎಂದು ಅವರಿಗೆ ಹೇಳುತ್ತಿದ್ದರು, ಕೆಲವು ಸಲ ಸುಳ್ಳೇ ಹೇಳುತ್ತಿದ್ದರು. ಆ ಅಪರಾಧಿ ಮುಖ ಕಂಡದ್ದು ತಿಂದ ನಾಯಿಗಳಲ್ಲಿ ಅಂತಲ್ಲ, ಬೈಸಿಕೊಂಡ ನಾಯಿಗಳಲ್ಲಿ. ಮುಟ್ಟದೇ ಇದ್ದೂ ಬೈಸಿಕೊಂಡವುಗಳಲ್ಲಿ ಇನ್ನೂ ಹೆಚ್ಚು. ಇಳಿಬಿದ್ದ ಕಿವಿ, ತಗ್ಗಿದ ತಲೆ ನಿಮ್ಮ ಸಿಟ್ಟಿಗೆ ಹೆದರಿದ ಗುರುತು, ಪಶ್ಚಾತ್ತಾಪದ್ದಲ್ಲ. ಹೊಡೆತ ತಿಂದ ಮರಿ ಒಂದನ್ನು ಮಾತ್ರ ಕಲಿಯುತ್ತದೆ: ಇವರೆದುರು ಉಚ್ಚೆ ಹೊಯ್ಯಬಾರದು. ಆಮೇಲೆ ಸೋಫಾದ ಹಿಂದೆ, ಮಂಚದ ಕೆಳಗೆ ಮಾಡುತ್ತದೆ. ಹೊರಗೆ ಚೈನು ಹಿಡಿದು ನಿಂತರೆ ನಿಮ್ಮೆದುರು ಅಂತಲೇ ತಡೆಹಿಡಿಯುತ್ತದೆ. ತೊಟ್ಟಿಲಲ್ಲಿ ಒದ್ದೆ ಮಾಡಿದ ಕೂಸಿಗೆ ಯಾರೂ ಕೈ ಎತ್ತುವುದಿಲ್ಲವಲ್ಲ, ಅಷ್ಟೇ ಕನಿಕರ ಇದಕ್ಕೂ ಸಲ್ಲಬೇಕು. ನೆಲದ ಮೇಲೆ ಆಗಿಹೋದದ್ದನ್ನು ಆಮೇಲೆ ಕಂಡರೆ ತುಟಿಪಿಟಕ್ಕೆನ್ನದೆ ಒರೆಸಿ. ಮಾಡುತ್ತಿರುವಾಗಲೇ ಕಂಡರೆ ಮೆತ್ತಗೆ ಚಪ್ಪಾಳೆ ತಟ್ಟಿ ಎತ್ತಿಕೊಂಡು ಹೊರಗೆ ನಡೆಯಿರಿ.

ಒರೆಸಲು ಫಿನಾಯಿಲ್ ಸಾಲದು. ನಮ್ಮ ಮೂಗಿಗೆ ವಾಸನೆ ಅಡಗುತ್ತದೆ, ನಾಯಿಯ ಮೂಗಿಗೆ ಅಡಗುವುದಿಲ್ಲ. ಒರೆಸಿದ ನೆಲದಲ್ಲಿ ನಡೆದು ಪಂಜ ನೆಕ್ಕುವ ಮರಿಗೆ ಅದು ಒಳ್ಳೆಯದೂ ಅಲ್ಲ. ಮೂತ್ರದ ಅಂಶವನ್ನೇ ಒಡೆಯುವ ಎನ್‌ಜೈಮ್ ದ್ರಾವಣ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ.

ಮಹಡಿ ಮನೆಯವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಲಸಿಕೆ ಪೂರ್ಣವಾಗದ ಮರಿಯನ್ನು ಬೀದಿಯ ಮಣ್ಣಿಗೆ ಇಳಿಸಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ವಾಂತಿ, ರಕ್ತಭೇದಿ ಶುರುವಾದ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕಳೆದಿದ್ದೇನೆ, ಎಲ್ಲವೂ ಉಳಿಯಲಿಲ್ಲ. ಆರೆಂಟು ವಾರಕ್ಕೆ ಶುರುವಾಗುವ ಲಸಿಕೆಗಳು ಮುಗಿಯಲು ನಾಲ್ಕು ತಿಂಗಳಾಗುತ್ತದೆ. ಅಲ್ಲಿಯವರೆಗೆ ಬೇರೆ ನಾಯಿ ಬಾರದ ತಾರಸಿಯೋ ಬಾಲ್ಕನಿಯೋ ಸಾಕು. ಅಗಲವಾದ ಟ್ರೇಯಲ್ಲಿ ಹುಲ್ಲುಹಾಸಿನ ತುಂಡು ಹರಡಿ, ಮುಂದೆ ಅದು ಬಳಸಬೇಕಾದದ್ದು ಹುಲ್ಲೇ ತಾನೆ. ಪತ್ರಿಕೆ ಹಾಸುವುದು ಸುಲಭ, ಆದರೆ ಹಾಳೆಯ ರೂಢಿ ಬಿಡಿಸಲು ಮತ್ತೆ ಕಷ್ಟಪಡಬೇಕು.

ರಾತ್ರಿ ಮಲಗುವ ಮುನ್ನ ಒಮ್ಮೆ, ನಡುವೆ ಕುಂಯ್ಗುಟ್ಟಿದರೆ ಒಮ್ಮೆ, ದೀಪ ಹಾಕದೆ ಆಡಿಸದೆ ಕರೆದೊಯ್ದು ತನ್ನಿ. ಮರಿಯನ್ನು ನಿಮ್ಮ ಮಂಚದ ಪಕ್ಕದಲ್ಲೇ ಮಲಗಿಸಿದರೆ ಆ ಕುಂಯ್ ನಿಮಗೆ ಕೇಳುತ್ತದೆ.

ಆರು ತಿಂಗಳ ಹೊತ್ತಿಗೆ ಬಹುತೇಕ ಮರಿಗಳು ಹಿಡಿತಕ್ಕೆ ಬರುತ್ತವೆ, ಕೆಲವಕ್ಕೆ ವರ್ಷವೇ ಬೇಕು. ಅತಿಥಿಗಳು ಬಗ್ಗಿ ತಲೆ ಸವರಿದಾಗ ಹನಿ ಉದುರಿಸುವ ಮರಿ ಅಂಜಿಕೆಯಿಂದಲೋ ಸಂಭ್ರಮದಿಂದಲೋ ಹಾಗೆ ಮಾಡುತ್ತದೆ. ಬಂದವರಿಗೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರಲು ಹೇಳಿ, ಅದೇ ಹತ್ತಿರ ಬರಲಿ. ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಮತ್ತೆ ಒಳಗೆ ಶುರುಮಾಡಿದರೆ, ಗಳಿಗೆಗೊಮ್ಮೆ ಕೂತು ಹನಿಹನಿ ಹೊಯ್ದರೆ ಮೂತ್ರದ ಸೋಂಕು ಇರಬಹುದು. ಆಗ ಬೆಳಗಿನ ಮೊದಲ ಉಚ್ಚೆಯನ್ನು ತೊಳೆದು ಒಣಗಿಸಿದ ಬಟ್ಟಲಲ್ಲಿ ಹಿಡಿದು, ಮುಚ್ಚಳವಿರುವ ಸೀಸೆಗೆ ಸುರಿದು, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ, ಮರಿಯನ್ನೂ ಕರೆದುಕೊಂಡು.